ಡೀಪ್ ಪರ್ಪಲ್: ಐವತ್ತು ವರ್ಷ ತಡವಾಗಿ ಬಂದವರು ಯಾವುದರಿಂದ ಶುರುಮಾಡಬೇಕು?

ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಕೇಳಬೇಕು ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು ‘ಮಷೀನ್ ಹೆಡ್’. 1972ರ ಆಲ್ಬಂ, ಏಳೇ ಹಾಡು, ನಲವತ್ತು ನಿಮಿಷವೂ ಇಲ್ಲ. ನಾನೂ ಅಲ್ಲಿಂದಲೇ ಶುರುಮಾಡಿದೆ. ಆಮೇಲೆ 1970ರ ‘ಇನ್ ರಾಕ್’, ಕೊನೆಗೆ ‘ಮೇಡ್ ಇನ್ ಜಪಾನ್’ ಎಂಬ ಲೈವ್ ರೆಕಾರ್ಡ್. ಮೂರರಲ್ಲೂ ಅದೇ ಐದು ಜನ. ಹಾಡಲು ಇಯಾನ್ ಗಿಲನ್, ಗಿಟಾರಿಗೆ ರಿಚೀ ಬ್ಲ್ಯಾಕ್‌ಮೋರ್, ಆರ್ಗನ್‌ಗೆ ಜಾನ್ ಲಾರ್ಡ್, ಬಾಸ್‌ಗೆ ರೋಜರ್ ಗ್ಲೋವರ್, ಡ್ರಮ್ಸ್‌ಗೆ ಇಯಾನ್ ಪೇಸ್. ನನ್ನನ್ನು ಕೇಳಿದರೆ ಕೊನೆಯ ರೆಕಾರ್ಡಿನಿಂದಲೇ ಶುರುಮಾಡಿ.

‘ಮಷೀನ್ ಹೆಡ್’ ಕೆಟ್ಟದ್ದು ಅಂತಲ್ಲ. ತಡವಾಗಿ ಬಂದವರಿಗೆ ಅಲ್ಲೊಂದು ತೊಂದರೆ ಇದೆ, ‘ಸ್ಮೋಕ್ ಆನ್ ದ ವಾಟರ್’. ಗಿಟಾರ್ ಹಿಡಿದ ಹುಡುಗರೆಲ್ಲ ಮೊದಲು ನುಡಿಸುವುದು ಅದರ ಶುರುವಿನ ತುಣುಕನ್ನೇ. ಹಾಡು ಪೂರ್ತಿ ಕೇಳುವ ಮೊದಲೇ ಅದು ನಮಗೆ ಹಳತಾಗಿರುತ್ತದೆ. ಆದರೂ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಗಿಟಾರ್ ಒಂದೇ. ಆಮೇಲೆ ಬೇರೆ ವಾದ್ಯಗಳು ಒಂದೊಂದಾಗಿ ಬಂದು ಸೇರುತ್ತವೆ, ಯಾರಿಗೂ ಅವಸರವಿಲ್ಲ. ತಮಾಷೆ ಅಂದರೆ ಇದು ಹಿಟ್ ಆಗುತ್ತೆ ಅಂತ ಬ್ಯಾಂಡಿಗೇ ಅನ್ನಿಸಿರಲಿಲ್ಲ. ಮೊದಲು ಸಿಂಗಲ್ ಆಗಿ, ಅಂದರೆ ಆಲ್ಬಂನಿಂದ ತೆಗೆದು ಬೇರೆಯಾಗಿ, ಬಂದದ್ದು ‘ನೆವರ್ ಬಿಫೋರ್’. ಅದನ್ನು ಈಗ ಯಾರು ಕೇಳ್ತಾರೆ?

‘ಸ್ಮೋಕ್ ಆನ್ ದ ವಾಟರ್’ ಹಾಡಿನ ಕತೆ ಮಾತ್ರ ನಿಜವಾಗಿ ನಡೆದದ್ದು. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಪ್ಪಾನ ಕಾರ್ಯಕ್ರಮ ನಡೆಯುವಾಗ ಯಾರೋ ಫ್ಲೇರ್ ಗನ್ ಹಾರಿಸಿದರು, ಕ್ಯಾಸಿನೋ ಸುಟ್ಟುಹೋಯಿತು. ರೆಕಾರ್ಡಿಂಗ್‌ಗೆ ಅಂತ ಹೋದ ಜಾಗವೇ ಇಲ್ಲದಂತಾಗಿ, ಇವರು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ವಾದ್ಯ ಜೋಡಿಸಿಕೊಂಡರು. ರೆಕಾರ್ಡಿಂಗ್ ಗಾಡಿ ಹೊರಗೆ ನಿಂತಿತ್ತು. ನುಡಿಸಿದ್ದನ್ನು ಕೇಳಬೇಕಾದರೆ ಕೋಣೆ, ಬಾಲ್ಕನಿ ಎಲ್ಲ ದಾಟಿ ಅಲ್ಲಿಗೆ ಹೋಗಬೇಕು. ಕೊನೆಗೆ ಹೋಗುವುದನ್ನೇ ಬಿಟ್ಟರಂತೆ. ಇಷ್ಟೆಲ್ಲ ಆದರೂ ಆಲ್ಬಂ ಎಷ್ಟು ಅಚ್ಚುಕಟ್ಟಾಗಿದೆ ಅಂದರೆ, ನನಗೆ ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು ಅನ್ನಿಸಿತು.

‘ಇನ್ ರಾಕ್’ ಇದಕ್ಕೆ ತದ್ವಿರುದ್ಧ. ಬ್ರಿಟಿಷ್ ಆವೃತ್ತಿಯಲ್ಲಿ ಶುರುವಿಗೇ ಬರೀ ಗದ್ದಲ. ಅಮೆರಿಕದಲ್ಲಿ ಅದನ್ನು ಕತ್ತರಿಸಿದ್ದರು. ಒಂದೇ ಸಲಕ್ಕೆ ಪೂರ್ತಿ ಕೇಳಿದರೆ ಕಿವಿ ಸೋಲುತ್ತದೆ. ಹತ್ತು ನಿಮಿಷದ ‘ಚೈಲ್ಡ್ ಇನ್ ಟೈಮ್’ ಒಂದಕ್ಕಾಗಿ ಮಾತ್ರ ಇದು ಬೇಕೇ ಬೇಕು. ಅದರ ಆರ್ಗನ್ ಧಾಟಿಯನ್ನು ಇವರು ಎತ್ತಿಕೊಂಡದ್ದು ‘ಇಟ್ಸ್ ಎ ಬ್ಯೂಟಿಫುಲ್ ಡೇ’ ಎಂಬ ಬ್ಯಾಂಡಿನ ‘ಬಾಂಬೆ ಕಾಲಿಂಗ್’ನಿಂದ.

ಇನ್ನು ‘ಮೇಡ್ ಇನ್ ಜಪಾನ್’. 1972ರ ಆಗಸ್ಟ್, ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೋದಲ್ಲಿ ಒಂದು. ಸ್ಟುಡಿಯೋಗೆ ತಂದು ಮೇಲೆ ಏನನ್ನೂ ಸೇರಿಸಲಿಲ್ಲ. ‘ಚೈಲ್ಡ್ ಇನ್ ಟೈಮ್’ ಇಲ್ಲೂ ಇದೆ. ಸ್ಟುಡಿಯೋದಲ್ಲಿ ಗಿಲನ್ ಕಿರುಚಿದರೆ, ಸರಿಯಾಗದಿದ್ದರೆ ಇನ್ನೊಂದು ಸಲ ಹಾಡಬಹುದಿತ್ತಲ್ಲ ಅನ್ನಿಸುತ್ತದೆ. ಇಲ್ಲಿ ಆ ಅವಕಾಶವೇ ಇಲ್ಲ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಸ್ವರ ಎಸೆಯುತ್ತಾನೆ, ಗಿಲನ್ ಗಂಟಲಿನಲ್ಲಿ ಅದನ್ನೇ ಹಿಂದಿರುಗಿಸುತ್ತಾನೆ. ಹೀಗೇ ಏರುತ್ತಾ ಏರುತ್ತಾ, ಯಾರು ಮೊದಲು ಸೋಲುತ್ತಾರೆ ಅಂತ ನಾವು ಕಾಯುತ್ತೇವೆ. ಲಾರ್ಡ್ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸುತ್ತಿದ್ದ. ಹಾಗಾಗಿ ಗುರ್ ಅನ್ನುತ್ತಿರುವುದು ಗಿಟಾರೋ ಆರ್ಗನ್ನೋ ಅಂತ ಕೆಲವು ಕಡೆ ತಿಳಿಯುವುದೇ ಇಲ್ಲ.

‘ದ ಮ್ಯೂಲ್’ ಹೆಚ್ಚುಕಡಿಮೆ ಪೂರ್ತಿ ಪೇಸ್‌ನ ಡ್ರಮ್ಸ್. ನಮ್ಮ ಸಂಗೀತ ಕಚೇರಿಗಳಲ್ಲಿ ಮೃದಂಗದ ತನಿ ಆವರ್ತನ ಶುರುವಾದರೆ ಕ್ಯಾಂಟೀನಿಗೆ ಎದ್ದು ಹೋಗುವವರು ಇದನ್ನು ದಾಟಿಸಬಹುದು. ನಾನು ಕೂತು ಕೇಳುವ ಪೈಕಿ. ‘ಸ್ಪೇಸ್ ಟ್ರಕಿನ್’ ಮಾತ್ರ ಅತಿಯಾಯಿತು. ‘ಮಷೀನ್ ಹೆಡ್’ನಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿಯುವ ಹಾಡನ್ನು ಇಲ್ಲಿ ಇಪ್ಪತ್ತು ನಿಮಿಷದವರೆಗೆ ಎಳೆದಿದ್ದಾರೆ. ಅದನ್ನು ನಾನು ಈಗಲೂ ಅರ್ಧಕ್ಕೇ ನಿಲ್ಲಿಸುತ್ತೇನೆ.