ವಹಿವಾಟು ದುಪ್ಪಟ್ಟು ಮಾಡುವ ಗುರಿ ಇದೆಯೇ? ಮಷಿನ್ ಬುಕ್ ಮಾಡುವ ಮೊದಲು ಈ ಲೆಕ್ಕ ನೋಡಿ

ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಕಡೆಯ ಚಿಕ್ಕ ಮಷಿನ್ ಶಾಪ್‌ಗಳಲ್ಲಿ ಕೆಲವು ಕೆಲಸವಿಲ್ಲದೆ ಮುಚ್ಚುತ್ತವೆ. ಇನ್ನು ಕೆಲವು ಕೈತುಂಬ ಆರ್ಡರ್ ಇರುವಾಗಲೇ ಮುಚ್ಚುತ್ತವೆ. ಈ ಬರಹ ಎರಡನೆಯವುಗಳ ಬಗ್ಗೆ, ಏಕೆಂದರೆ ಆ ನಷ್ಟವನ್ನು ತಡೆಯಬಹುದಿತ್ತು. ಅಲ್ಲಿ ಮಾಲೀಕರು ಸೋಮಾರಿಗಳಲ್ಲ, ಕೆಲಸ ಬಾರದವರೂ ಅಲ್ಲ. ಅವರ ಗುರಿಯಲ್ಲಿ ವಹಿವಾಟಿನ ಅಂಕಿ ಮಾತ್ರ ಇತ್ತು, ದುಡ್ಡು ಕೈಗೆ ಬರುವ ದಿನದ ಲೆಕ್ಕ ಇರಲಿಲ್ಲ.

ಒಂದು ಶಾಪ್ ತಿಂಗಳಿಗೆ 8 ಲಕ್ಷದ ಬಿಲ್ ಹಾಕುತ್ತದೆ ಎಂದುಕೊಳ್ಳಿ. ಮೆಟೀರಿಯಲ್‌ಗೆ 4.4 ಲಕ್ಷ, ಕೂಲಿ-ಕರೆಂಟು-ಬಾಡಿಗೆಗೆ 2.4 ಲಕ್ಷ, ಉಳಿಯುವುದು 1.2 ಲಕ್ಷ. ಮೆಟೀರಿಯಲ್ ಕೊಡುವವರು 30 ದಿನ ಕಾಯುತ್ತಾರೆ, ಮಾಲು ತೆಗೆದುಕೊಂಡ ಪಾರ್ಟಿ 90 ದಿನಕ್ಕೆ ಕೊಡುತ್ತದೆ. ಈಗ ಗುರಿ 16 ಲಕ್ಷ. ಹೆಚ್ಚುವರಿ ಕೆಲಸದ ಮೊದಲ ರೂಪಾಯಿ ಬರುವುದು ನಾಲ್ಕನೇ ತಿಂಗಳಲ್ಲಿ. ಅಷ್ಟರೊಳಗೆ ಹೆಚ್ಚುವರಿ ಮೆಟೀರಿಯಲ್ ಬಿಲ್ ಎರಡು ಸಲ ಕಟ್ಟಿರುತ್ತೀರಿ, 18% ಜಿಎಸ್‌ಟಿ ಸೇರಿ ಸುಮಾರು 10.4 ಲಕ್ಷ. ಹೆಚ್ಚುವರಿ ಕೂಲಿ, ಕರೆಂಟು ಮೂರು ತಿಂಗಳಿಗೆ 7.2 ಲಕ್ಷ. ಅಲ್ಲಿಗೇ 17.6 ಲಕ್ಷ ಆಯಿತು, ಇನ್ನೂ ಮಷಿನ್ ಲೆಕ್ಕಕ್ಕೇ ಬಂದಿಲ್ಲ.

ವಿಎಂಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷಿನ್, ಒಂದಕ್ಕೆ 30 ಲಕ್ಷ ಎಂದು ಹಿಡಿಯಿರಿ. ಬ್ಯಾಂಕ್ 75% ಕೊಟ್ಟರೆ ನೀವು ಕೈಯಿಂದ ಹಾಕಬೇಕಾದ ಮಾರ್ಜಿನ್ 7.5 ಲಕ್ಷ. ಮಷಿನ್ ಮೇಲಿನ ಜಿಎಸ್‌ಟಿ 5.4 ಲಕ್ಷ, ಅದು ಇನ್‌ಪುಟ್ ಕ್ರೆಡಿಟ್ ಆಗಿ ಮುಂದಿನ ತಿಂಗಳುಗಳಲ್ಲಿ ನೀವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ ನಿಜ, ಆದರೆ ಮೊದಲು ಕಟ್ಟಬೇಕಾದವರು ನೀವೇ. ಉಳಿದ 22.5 ಲಕ್ಷಕ್ಕೆ 11% ಬಡ್ಡಿ, 5 ವರ್ಷ ಎಂದರೆ ಕಂತು ತಿಂಗಳಿಗೆ ಸುಮಾರು 49 ಸಾವಿರ. ಫೌಂಡೇಶನ್, ಕಂಪ್ರೆಸರ್, ಸ್ಟೆಬಿಲೈಸರ್, ಟೂಲಿಂಗ್, ಫಿಕ್ಸ್ಚರ್, ಹೆಚ್ಚುವರಿ ಲೋಡ್‌ಗೆ ವಿದ್ಯುತ್ ಕಂಪನಿಗೆ ಕಟ್ಟುವ ಠೇವಣಿ ಇವೆಲ್ಲ ಕೊಟೇಶನ್‌ನಲ್ಲಿ ಕಾಣುವುದೇ ಇಲ್ಲ. ಲೋಡ್ ಮಂಜೂರಾಗುವ ಮೊದಲೇ ಮಷಿನ್ ಬಂದು ಕೂತರೆ ಕಂತು ಹತ್ತಿರವಾಗುತ್ತಿರುತ್ತದೆ, ಸ್ಪಿಂಡಲ್ ಮಾತ್ರ ತಿರುಗುವುದಿಲ್ಲ.

ಈ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವಲ್ಲೇ ಶಾಪ್ ಮುಗ್ಗರಿಸುವುದು. ಮಾರ್ಜಿನ್ ಹಣವನ್ನು ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಿಂದ, ಅಂದರೆ ದಿನದ ವಹಿವಾಟಿಗೆ ಬ್ಯಾಂಕ್ ಕೊಡುವ ಸಾಲದ ಖಾತೆಯಿಂದ ಎತ್ತುತ್ತಾರೆ. ಸಿಸಿ ಇರುವುದು ಮೆಟೀರಿಯಲ್ ಮತ್ತು ಬಾಕಿಗಾಗಿ. ಅದನ್ನು ಮಷಿನ್‌ನಲ್ಲಿ ಹೂತರೆ ಐದು ವರ್ಷ ಮೇಲೇಳುವುದಿಲ್ಲ. ಚಿಕ್ಕ ಉದ್ಯಮಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಅಂದಾಜು ವಹಿವಾಟಿನ 20% ಲಿಮಿಟ್ ಕೊಡುತ್ತದೆ. ಹಾಗಾಗಿ ಲಿಮಿಟ್ ಹೆಚ್ಚಿಸಲೆಂದು ಅಂದಾಜನ್ನೇ ಉಬ್ಬಿಸಿ ಬರೆಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಲಿಮಿಟ್ ಎಷ್ಟೇ ಇರಲಿ, ಎತ್ತಲು ಸಿಗುವುದು ಡ್ರಾಯಿಂಗ್ ಪವರ್‌ನಷ್ಟೇ, ಅಂದರೆ ಸ್ಟಾಕ್ ಮತ್ತು ಬರಬೇಕಾದ ಬಾಕಿ ನೋಡಿ ಬ್ಯಾಂಕ್ ಹಾಕುವ ಮಿತಿಯಷ್ಟೇ. ಅದರ ಲೆಕ್ಕದಲ್ಲಿ 90 ದಿನ ದಾಟಿದ ಬಾಕಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಪಾರ್ಟಿ 90ರ ಬದಲು 110 ದಿನಕ್ಕೆ ಕೊಡಲು ಶುರು ಮಾಡಿದ ತಿಂಗಳೇ ನಿಮ್ಮ ಬ್ಯಾಂಕ್ ದುಡ್ಡೂ ಕುಗ್ಗುತ್ತದೆ.

ಮುಂದಿನ ಹೆಜ್ಜೆ ಎಲ್ಲಕ್ಕಿಂತ ಅಪಾಯದ್ದು. ಸಂಬಳದ ದಿನ ಖಾತೆಯಲ್ಲಿ ಇರುವುದು ಜಿಎಸ್‌ಟಿಗೆ ಇಟ್ಟ ಹಣ ಮಾತ್ರ. "ಈ ಸಲ ಕೊಟ್ಟುಬಿಡೋಣ, ಪಾರ್ಟಿ ಚೆಕ್ ಬಂದಮೇಲೆ ಕಟ್ಟೋಣ" ಎನ್ನುತ್ತಾರೆ. ತೆರಿಗೆ ಹುಟ್ಟುವುದು ಬಿಲ್ ಹಾಕಿದಾಗ, ದುಡ್ಡು ಬಂದಾಗ ಅಲ್ಲ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಕೊನೆಯ ದಿನ ಮುಂದಿನ ತಿಂಗಳ 20. ತಪ್ಪಿದರೆ ವರ್ಷಕ್ಕೆ 18% ಬಡ್ಡಿ, ದಿನಕ್ಕೆ 50 ರೂಪಾಯಿ ಲೇಟ್ ಫೀ. ಅದು ತಡೆದುಕೊಳ್ಳಬಹುದಾದ ಪೆಟ್ಟು. ತಡೆಯಲಾಗದ್ದು ಬೇರೆ: ಹಿಂದಿನ ತಿಂಗಳ 3ಬಿ ಹಾಕದಿದ್ದರೆ ಈ ತಿಂಗಳ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ರಿಟರ್ನ್) ಹಾಕಲು ಪೋರ್ಟಲ್ ಬಿಡುವುದಿಲ್ಲ. ನಿಮ್ಮ ಬಿಲ್ ಪಾರ್ಟಿಯ 2ಬಿಯಲ್ಲಿ (ಅವರ ಇನ್‌ಪುಟ್ ಕ್ರೆಡಿಟ್ ಪಟ್ಟಿಯಲ್ಲಿ) ಕಾಣುವುದಿಲ್ಲ, ಅವರಿಗೆ ಕ್ರೆಡಿಟ್ ಸಿಗುವುದಿಲ್ಲ, ಅವರ ಅಕೌಂಟ್ಸ್ ವಿಭಾಗ ನಿಮ್ಮ ಪೇಮೆಂಟ್ ತಡೆಹಿಡಿಯುತ್ತದೆ. ಸತತ ಎರಡು ತಿಂಗಳು ತಪ್ಪಿದರೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲೂ ನಿಲ್ಲುತ್ತದೆ. ಯಾವ ಚೆಕ್ ನಂಬಿ ತೆರಿಗೆ ತಡ ಮಾಡಿದರೋ, ತಡ ಮಾಡಿದ್ದರಿಂದಲೇ ಆ ಚೆಕ್ ಬರುವುದಿಲ್ಲ.

ಆಮೇಲೆ ಮನೆಯ ಸರದಿ. ಒಡವೆ ಅಡ ಹೋಗುತ್ತದೆ, ಮಗಳ ಓದಿಗೆಂದು ಕಟ್ಟುತ್ತಿದ್ದ ಚೀಟಿಯನ್ನು ಕೂಗಿ ನಷ್ಟಕ್ಕೆ ಎತ್ತುತ್ತಾರೆ, ಹೆಂಡತಿ ಜಾಮೀನಿಗೆ ಸಹಿ ಹಾಕುತ್ತಾರೆ. ಜಾಮೀನು ಹಾಕಿದವರ ಸಿಬಿಲ್ ಸಾಲ ದಾಖಲೆಯಲ್ಲೂ ಆ ಸಾಲ ಕಾಣುತ್ತದೆ. ಚಿಕ್ಕ ಉದ್ಯಮದ ಸಾಲಕ್ಕೆ ಸಿಗುವ ಸಿಜಿಟಿಎಂಎಸ್‌ಇ ಖಾತರಿ ಸಾಲಗಾರರನ್ನು ಕಾಯುತ್ತದೆ ಎಂಬ ತಪ್ಪು ತಿಳಿವಳಿಕೆ ಬಲವಾಗಿದೆ. ನಿಜವಾಗಿ ಅದು ಕಾಯುವುದು ಬ್ಯಾಂಕನ್ನು. ಸಾಲ ತೀರಿಸುವ ಹೊಣೆ ನಿಮ್ಮ ಮೇಲೆ ಹಾಗೆಯೇ ಇರುತ್ತದೆ.

ಹಾಗಾದರೆ ಬೆಳೆಯಬಾರದೇ? ಬೆಳೆಯಬೇಕು. ಗುರಿಯನ್ನು ಬೇರೆ ರೀತಿ ಬರೆದುಕೊಳ್ಳಿ. "16 ಲಕ್ಷ" ಎನ್ನುವ ಬದಲು "ಬಾಕಿ ಬರುವ ದಿನ 90ರಿಂದ 60ಕ್ಕೆ" ಎಂದು ಮೊದಲ ಆರು ತಿಂಗಳಿಗೆ ಬರೆಯಿರಿ. ಅದು ಆದಮೇಲೆ ವಹಿವಾಟು. ಮಷಿನ್ ಕೊಳ್ಳುವ ಮೊದಲು ಹೆಚ್ಚುವರಿ ಕೆಲಸವನ್ನು ಪಕ್ಕದ ಶಾಪ್‌ನಲ್ಲಿ ಗಂಟೆ ಲೆಕ್ಕದಲ್ಲಿ ಮಾಡಿಸಿ. ಲಾಭ ಕಡಿಮೆ ಆಗುತ್ತದೆ, ಆದರೆ ಪಾರ್ಟಿ ಹೇಳಿದ ಆರ್ಡರ್ ಶೆಡ್ಯೂಲ್ ನಿಜವಾಗಿ ಬರುತ್ತದೆಯೋ, ರಿಜೆಕ್ಷನ್ ಎಷ್ಟು, ಬಿಲ್‌ನಲ್ಲಿ ಕಡಿತ ಮಾಡುವ ಡೆಬಿಟ್ ನೋಟ್ ಎಷ್ಟು ಎಂಬುದು ಬೇರೆಯವರ ಮಷಿನ್ ಮೇಲೆ ಗೊತ್ತಾಗುತ್ತದೆ. ಪರ್ಚೇಸ್ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಆರ್ಡರ್ ಅಲ್ಲ. ಪಿಒದಲ್ಲಿ (ಬರಹದ ಪರ್ಚೇಸ್ ಆರ್ಡರ್‌ನಲ್ಲಿ) ಸಂಖ್ಯೆ, ದರ, ಪೇಮೆಂಟ್ ದಿನ ಮೂರೂ ಇರಬೇಕು. ಜಿಎಸ್‌ಟಿಗೆ ಬೇರೆ ಖಾತೆ ತೆರೆದು, ಪ್ರತಿ ಪೇಮೆಂಟ್ ಬಂದ ದಿನವೇ ಅದರ ಪಾಲನ್ನು ಅಲ್ಲಿಗೆ ಹಾಕಿ. ಮೂರು ತಿಂಗಳ ಕೂಲಿ ಎಫ್‌ಡಿಯಲ್ಲಿ ಕೂರುವ ತನಕ ಮಷಿನ್‌ನ ಟರ್ಮ್ ಲೋನ್‌ಗೆ ಸಹಿ ಹಾಕಬೇಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಬಾಕಿ ವಸೂಲಿಗೆ ಕಾನೂನಿನ ಬಲವಿದೆ, ಬಳಸುವವರು ಕಡಿಮೆ. ಸರ್ಕಾರದ ಪೋರ್ಟಲ್‌ನಲ್ಲಿ ಚಿಕ್ಕ ಉದ್ಯಮವೆಂದು ಮಾಡಿಸುವ ಉದ್ಯಮ್ ನೋಂದಣಿ ಉಚಿತ, ಆ ಸಂಖ್ಯೆ ಪ್ರತಿ ಬಿಲ್ ಮೇಲೂ ಇರಲಿ. ಚಿಕ್ಕ ಉದ್ಯಮಗಳ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಬರಹದ ಒಪ್ಪಂದ ಇದ್ದರೂ ಪೇಮೆಂಟ್ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಪಾರ್ಟಿ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಅದಕ್ಕೇ ಫೆಬ್ರುವರಿಯಲ್ಲೇ ಅವರ ಅಕೌಂಟ್ಸ್‌ನವರಿಗೆ ಬಾಕಿ ಪಟ್ಟಿ ಕಳಿಸಿ. ಮಾರ್ಚ್‌ನಲ್ಲಿ ಅವರಿಗೇ ಅವಸರವಿರುತ್ತದೆ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್ ಎಂಬ ಬಿಲ್ ಡಿಸ್ಕೌಂಟಿಂಗ್ ಪೋರ್ಟಲ್‌ನಲ್ಲಿ ನೋಂದಾಯಿಸುವುದು ಕಡ್ಡಾಯ. ಅಲ್ಲಿ ಅವರು ನಿಮ್ಮ ಬಿಲ್ ಒಪ್ಪಿದರೆ ಬ್ಯಾಂಕ್ ಮೊದಲೇ ದುಡ್ಡು ಕೊಡುತ್ತದೆ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ. ಕಂತು ನಿಂತು 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಅದಕ್ಕೂ ಮೊದಲೇ, ರಿಸರ್ವ್ ಬ್ಯಾಂಕಿನ ಎಂಎಸ್‌ಎಂಇ ಪುನಶ್ಚೇತನ ನಿಯಮದಡಿ ಕಂತು ಮರುಹೊಂದಿಸಿಕೊಡಿ ಎಂದು ಸಾಲಗಾರರೇ ಬ್ಯಾಂಕಿಗೆ ಅರ್ಜಿ ಕೊಡಬಹುದು. ಹೋಗುವಾಗ ಪಾರ್ಟಿವಾರು ಬಾಕಿ ಪಟ್ಟಿ, ಕೈಯಲ್ಲಿರುವ ಪಿಒ, ಕಟ್ಟಬೇಕಾದ ಜಿಎಸ್‌ಟಿ, ಮುಂದಿನ ಆರು ತಿಂಗಳ ವಾರವಾರದ ಹಣದ ಹರಿವಿನ ಲೆಕ್ಕ ಒಯ್ಯಿರಿ. ಕೈಸಾಲದ ಮೊತ್ತವನ್ನೂ ಆ ಹಾಳೆಯಲ್ಲಿ ಬರೆಯಿರಿ. ಅದನ್ನು ಮುಚ್ಚಿಟ್ಟು ಹೊಂದಿಸಿದ ಹೊಸ ಕಂತು ಎರಡೇ ತಿಂಗಳಲ್ಲಿ ಮತ್ತೆ ತಪ್ಪುತ್ತದೆ.