ಒಂದೇ ಲೇಬಲ್, ಎರಡು ತಳಿ: ಹಾಸನದ ಅಣಬೆ ಬೀಜ

ಐದಕ್ಕೆ ಮೂರು ಸ್ಟಾರ್. ಬೀಜ ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಕಲೇಶಪುರದಿಂದ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಒಂದು ಅಂಗಡಿಯಿಂದ ಆಯ್ಸ್ಟರ್ ಅಣಬೆ ಬೀಜ ತಂದೆ, ನಾಲ್ಕು ಪ್ಯಾಕೆಟ್. ಜೋಳದ ಕಾಳಿನ ಮೇಲೆ ಹತ್ತಿಯಂತೆ ಬೆಳೆದಿತ್ತು, ಹುಳಿ ವಾಸನೆ ಇರಲಿಲ್ಲ. ಭತ್ತದ ಹುಲ್ಲು ಕುದಿಸಿ, ನೀರು ಬಸಿದು, ಬೀಜದ ಜೊತೆ ಚೀಲಕ್ಕೆ ತುಂಬಿ ಬೆಡ್ ಕಟ್ಟಿದೆ. ಕೊನೆಯ ಬೆಡ್‌ಗೆ ಒಂದು ಪ್ಯಾಕೆಟ್ ಸಾಲಲಿಲ್ಲ. ಮೇಲಿನ ಅರ್ಧಕ್ಕೆ ಇನ್ನೊಂದನ್ನು ಒಡೆದು ಹಾಕಿದೆ.

ಹದಿನೆಂಟನೇ ದಿನ ಎಲ್ಲ ಬೆಳ್ಳಗಾಗಿತ್ತು. ಆ ಬೆಡ್‌ನ ನಡುವೆ ಮಾತ್ರ ಸುತ್ತಲೂ ಒಂದು ಗೆರೆ, ಗದ್ದೆಯ ಬದುವಿನ ಹಾಗೆ. ಬೂಷ್ಟು ಅಂದುಕೊಂಡೆ. ಆದರೆ ಹಸಿರೂ ಇಲ್ಲ, ಕಪ್ಪೂ ಇಲ್ಲ.

ಮೈಕ್ರೋಬಯಾಲಜಿ ಓದಿರುವ ತಂಗಿ ಮಗಳು ಫೋಟೋ ನೋಡಿ ನಕ್ಕಳು. "ದೊಡ್ಡಮ್ಮ, ಇವೆರಡೂ ಬೇರೆ ಬೇರೆ. ಸೇರಲ್ಲ ಅಂತ ಹಟ ಹಿಡಿದಿವೆ."

ಅಣಬೆಯ ಎಳೆಗಳು ತಾಗಿದರೆ ಕೂಡಿಕೊಳ್ಳುತ್ತವಂತೆ, ಒಳಗಿನ ರಸವೂ ಒಂದಾಗುತ್ತದಂತೆ. ಹಾಗಾದರೆ ಒಂದರ ವೈರಸ್ ಇನ್ನೊಂದಕ್ಕೂ ಬರುತ್ತದೆ ಅಲ್ವಾ? ಅದಕ್ಕೇ ಗುರುತಿನ ಜೀನ್‌ಗಳಿವೆ. ಅವು ಹೊಂದದಿದ್ದರೆ ಕೂಡಿದ ಕೋಶ ಅಲ್ಲೇ ಸಾಯುತ್ತದೆ. ನನ್ನ ಬೆಡ್‌ನ ಗೆರೆ ಅದೇ. ಅಪರೂಪದ ಗುರುತು ಇರುವವನು ಹೆಚ್ಚು ಜನರನ್ನು ದೂರ ಇಡುತ್ತಾನೆ, ಬಚಾವಾಗುತ್ತಾನೆ. ಹಾಗಾಗಿ ಬಗೆಬಗೆಯ ಗುರುತುಗಳು ಅಳಿಯದೆ ಉಳಿದಿವೆ. ತಮಾಷೆ ಅಂದರೆ, ಮದುವೆಗೆ ಇವಕ್ಕೂ ಸಗೋತ್ರ ಆಗುವುದಿಲ್ಲ, ಬೇರೆ ಗುರುತೇ ಬೇಕು. ಅದಕ್ಕೆ ಜೀನ್‌ಗಳೂ ಬೇರೆ.

1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಚೆಸ್ಟ್‌ನಟ್ ಮರದ ರೋಗದ ಕಥೆಯನ್ನೂ ಹೇಳಿದಳು. ರೋಗ ತರುವ ಶಿಲೀಂಧ್ರವನ್ನೇ ಸೊರಗಿಸುವ ವೈರಸ್ ಒಂದಿದೆ. ಯುರೋಪಿನಲ್ಲಿ ಆ ಶಿಲೀಂಧ್ರದ ಗುರುತಿನ ಬಗೆಗಳು ಕಡಿಮೆ. ವೈರಸ್ ಎಳೆಯಿಂದ ಎಳೆಗೆ ದಾಟಿ ಎಷ್ಟೋ ಮರ ಚೇತರಿಸಿಕೊಂಡವು. ಅಮೆರಿಕದಲ್ಲಿ ಬಗೆಗಳು ಜಾಸ್ತಿ, ವೈರಸ್ ಅಷ್ಟು ಹರಡಲೇ ಇಲ್ಲ. ಕಾಫಿ ತೋಟದವಳಿಗೆ ಇದು ಸುಮ್ನೆ ಕೇಳಿ ಬಿಡುವ ಮಾತಲ್ಲ.

ನನ್ನ ಬೆಡ್‌ನಲ್ಲಿ ಕೆಳಗಿನ ಅರ್ಧ ಐದು ದಿನ ಮೊದಲೇ ಅಣಬೆ ಬಿಟ್ಟಿತು. ಸಂತೆಗೆ ಒಟ್ಟಿಗೆ ಒಯ್ಯಲು ಆಗಲಿಲ್ಲ. ರುಚಿ ಎರಡರದ್ದೂ ಚೆನ್ನಾಗಿತ್ತು.

ಫೋನ್ ಮಾಡಿದರೆ ಅಂಗಡಿಯವರು "ಎಲ್ಲಾ ಒಂದೇ ಬೀಜ ಅಮ್ಮ" ಅಂದರು. ಗೆರೆಯ ಫೋಟೋ ಕಳಿಸಿದೆ. ಪ್ಯಾಕೆಟ್ ಮೇಲೆ ತಳಿಯ ಹೆಸರು ಪೆನ್ನಲ್ಲಾದರೂ ಬರೆಯಿರಿ ಅಂದೆ. "ನೋಡೋಣ" ಅಂದಿದ್ದಾರೆ. ಬರೆದ ದಿನ ನಾಲ್ಕನೇ ಸ್ಟಾರ್ ಹಾಕುತ್ತೇನೆ.