ಸೆಲೆರಿಯೊ ಎಜಿಎಸ್: ಗೇರು ಬದಲಾಗುವಾಗ ಕಾರು ಯಾಕೆ ತಡೆಯುತ್ತದೆ, ಹೇಗೆ ಓಡಿಸಬೇಕು

ಮಾರುತಿ ಸುಜುಕಿ ಸೆಲೆರಿಯೊ ಎಜಿಎಸ್ (ಆಟೋ ಗೇರ್ ಶಿಫ್ಟ್, ಗೇರು ತಾನಾಗಿ ಬದಲಾಗುವ ಮಾದರಿ) ಮನೆಗೆ ತಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಯಾರೋ ಹಿಂದಿನಿಂದ ಹಿಡಿದಂತಾಗಿ ತಲೆ ಮುಂದಕ್ಕೆ ತೂಗುತ್ತದಲ್ಲ, ಇದು ದೋಷವೇ? ದೋಷವಲ್ಲ, ಈ ಗೇರ್‌ಬಾಕ್ಸ್ ಕೆಲಸ ಮಾಡುವ ಬಗೆಯೇ ಹಾಗೆ. ಆದರೆ ಆ ತೂಗಾಟ ಎಷ್ಟಿರಬೇಕು ಎನ್ನುವುದು ಬಹುಪಾಲು ಓಡಿಸುವವರ ಬಲಗಾಲಿಗೆ ಬಿಟ್ಟದ್ದು. ಈ ಕಾರನ್ನು ಆಟೋಮ್ಯಾಟಿಕ್ ಎಂದುಕೊಂಡು ಓಡಿಸಿದರೆ ಬೇಸರವಾಗುತ್ತದೆ. ಕ್ಲಚ್ ಮಾತ್ರ ಬೇರೆಯವರ ಕಾಲಲ್ಲಿರುವ ಮ್ಯಾನುಯಲ್ ಎಂದುಕೊಂಡು ಓಡಿಸಿದರೆ ಇಷ್ಟವಾಗುತ್ತದೆ.

ಕ್ಲಚ್, ಗೇರು ಎರಡನ್ನೂ ಯಂತ್ರವೇ ನೋಡಿಕೊಳ್ಳುವ ಮ್ಯಾನುಯಲ್ ಗೇರ್‌ಬಾಕ್ಸಿಗೆ ಎಎಂಟಿ ಎನ್ನುತ್ತಾರೆ, ಮಾರುತಿ ಅದಕ್ಕಿಟ್ಟ ಹೆಸರು ಎಜಿಎಸ್. ಭಾರತದಲ್ಲಿ ಎಎಂಟಿ ಮನೆಮಾತಾದದ್ದೇ ಸೆಲೆರಿಯೊದಿಂದ. 2014ರ ಫೆಬ್ರವರಿಯ ಆಟೋ ಎಕ್ಸ್‌ಪೋದಲ್ಲಿ ಮೊದಲ ತಲೆಮಾರಿನ ಕಾರು ಬಂತು. 2021ರ ನವೆಂಬರ್‌ನಲ್ಲಿ ಬಂದ ಎರಡನೇ ತಲೆಮಾರಿನದು ಈಗ ಮಾರಾಟದಲ್ಲಿದೆ. ಎಂಜಿನ್ 998 ಸಿಸಿ, ಮೂರು ಸಿಲಿಂಡರ್, 67 ಪಿಎಸ್ ಶಕ್ತಿ, 89 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಕಾರಿನ ತೂಕ 800 ಕೆ.ಜಿ.ಗಿಂತ ತುಸು ಹೆಚ್ಚು. ಊರೊಳಗಿನ ಓಡಾಟಕ್ಕೆ ಈ ಎಂಜಿನ್ ಧಾರಾಳವಾಗಿ ಸಾಕು. ನಾಲ್ಕು ಜನ, ಲಗೇಜು, ಎಸಿ, ಘಾಟಿ ಇವೆಲ್ಲ ಒಟ್ಟಿಗೆ ಸೇರಿದಾಗ ಸಾಲದು. ಆ ಕೊರತೆಯನ್ನು ಗೇರು ಹೇಗೆ ತುಂಬುತ್ತದೆ, ಎಲ್ಲಿ ಸೋಲುತ್ತದೆ ಎನ್ನುವುದೇ ಇಲ್ಲಿ ನೋಡಬೇಕಾದ ವಿಷಯ.

ಒಳಗಿರುವುದು ಮ್ಯಾನುಯಲ್ ಸೆಲೆರಿಯೊದ ಅದೇ ಐದು ಗೇರಿನ ಪೆಟ್ಟಿಗೆ, ಅದೇ ಬಗೆಯ ಒಂಟಿ ಒಣ ಕ್ಲಚ್. ಅದರ ಮೇಲೆ ಹೈಡ್ರಾಲಿಕ್ ಪಂಪು, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳಿರುವ ಆಕ್ಚುಯೇಟರ್ ಕೂರಿಸಿದ್ದಾರೆ. ಕ್ಲಚ್ ಒತ್ತುವುದು, ಗೇರು ಎಳೆಯುವುದು ಎರಡೂ ಅದರ ಕೆಲಸ, ಯಾವಾಗ ಎಂದು ಹೇಳುವುದು ಕಂಪ್ಯೂಟರ್. ಗೇರು ಬದಲಿಸುವಾಗ ಕಂಪ್ಯೂಟರ್ ಮೊದಲು ಎಂಜಿನ್ನಿನ ಎಳೆತವನ್ನು ತಾನಾಗಿ ಇಳಿಸುತ್ತದೆ, ಕ್ಲಚ್ ಬಿಡಿಸುತ್ತದೆ, ಹಳೆಯ ಗೇರನ್ನು ಕಳಚಿ ಹೊಸದನ್ನು ಸೇರಿಸುತ್ತದೆ, ಮತ್ತೆ ಕ್ಲಚ್ ಹಿಡಿಸಿ ಎಳೆತ ಕೊಡುತ್ತದೆ. ಈ ನಡುವಿನ ಹೊತ್ತಿನಲ್ಲಿ ಚಕ್ರಕ್ಕೆ ಎಂಜಿನ್ನಿನ ಬಲ ಸೊನ್ನೆ. ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಾಗಲಿ, ಗೇರಿನ ಮೆಟ್ಟಿಲುಗಳೇ ಇಲ್ಲದ ಸಿವಿಟಿಯಲ್ಲಾಗಲಿ ಇಂಥ ಖಾಲಿ ಜಾಗ ಗೊತ್ತಾಗುವುದಿಲ್ಲ.

ತಲೆ ತೂಗುವುದಕ್ಕೆ ಕಾರಣ ಈ ಖಾಲಿ ಜಾಗವೇ. ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ತುಳಿದಿದ್ದರೆ ಕಾರು ಜೋರಾಗಿ ಮುನ್ನುಗ್ಗುತ್ತಿರುತ್ತದೆ. ಆ ನುಗ್ಗುವಿಕೆ ಒಮ್ಮೆಲೇ ನಿಂತಾಗ ಮೈ ಮುಂದಕ್ಕೆ ಹೋಗುತ್ತದೆ, ಬಲ ಮರಳಿದಾಗ ಹಿಂದಕ್ಕೆ ಬೀಳುತ್ತದೆ. ಒಂದು ಮತ್ತು ಎರಡನೇ ಗೇರುಗಳ ನಡುವಿನ ಅಂತರವೂ ದೊಡ್ಡದು. ಎಂಜಿನ್ 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ತಿರುಗುತ್ತಿದ್ದರೆ ಎರಡನೇ ಗೇರಿಗೆ ಸುಮಾರು 1600ಕ್ಕೆ ಇಳಿಯಬೇಕು. ಹಾಗಾಗಿ ಮೊದಲ ಬದಲಾವಣೆಯೇ ಎಲ್ಲಕ್ಕಿಂತ ಒರಟು. ಎರಡರಿಂದ ಮೂರಕ್ಕೆ ಅರ್ಧದಷ್ಟು, ನಾಲ್ಕರಿಂದ ಐದಕ್ಕೆ ಹೋಗುವುದು ಎಷ್ಟೋ ಸಲ ತಿಳಿಯುವುದೇ ಇಲ್ಲ.

ಹಗುರ ಕಾಲಿನಲ್ಲಿ, ಸಮತಟ್ಟು ರಸ್ತೆಯಲ್ಲಿ ಎರಡನೇ ಗೇರು ಸುಮಾರು 15ರಿಂದ 20 ಕಿ.ಮೀ. ವೇಗಕ್ಕೆ ಬರುತ್ತದೆ, ಮೂರನೆಯದು 30ರ ಹತ್ತಿರ, ನಾಲ್ಕು 40 ದಾಟುವಾಗ, ಐದು 50ರಿಂದ 55ರ ನಡುವೆ. ಮೀಟರಿನಲ್ಲಿ ಗೇರಿನ ಅಂಕಿ ಕಾಣುತ್ತದೆ. ಮೊದಲ ಕೆಲವು ದಿನ ಆ ಅಂಕಿಯನ್ನು ನೋಡುತ್ತ, ಶಬ್ದ ಕೇಳುತ್ತ ಓಡಿಸಿದರೆ ಬದಲಾವಣೆ ಯಾವಾಗ ಬರುತ್ತದೆಂದು ಕಾಲಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಮಾಡಬೇಕಾದದ್ದು ಇಷ್ಟೇ. ಎರಡನೇ ಗೇರಿನ ಹೊತ್ತು ಬಂದಾಗ ಆಕ್ಸಿಲರೇಟರನ್ನು ಪೂರ್ತಿ ಬಿಡದೆ ತುಸು ಸಡಿಲಿಸಿ, ಅಂಕಿ ಬದಲಾದ ಮೇಲೆ ಮತ್ತೆ ನಿಧಾನವಾಗಿ ಒತ್ತಿ. ಮ್ಯಾನುಯಲ್ ಕಾರಿನಲ್ಲಿ ಕ್ಲಚ್ ತುಳಿಯುವಾಗ ಬಲಗಾಲು ಇದನ್ನೇ ತಾನಾಗಿ ಮಾಡುತ್ತಿತ್ತು. ಇಷ್ಟು ಮಾಡಿದರೆ ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೂ ಗೇರು ಬದಲಾದದ್ದು ತಿಳಿಯದು. ಕಾಲು ಒತ್ತಿಯೇ ಹಿಡಿದು, ಕಾರೇ ನೋಡಿಕೊಳ್ಳಲಿ ಎಂದರೆ ಪ್ರತಿ ಸಿಗ್ನಲ್‌ನಲ್ಲೂ ತೂಗಾಟ ತಪ್ಪಿದ್ದಲ್ಲ.

ರೋಡ್ ಹಂಪ್‌ಗಳದ್ದು ಬೇರೆಯೇ ಕಥೆ. ಹಂಪ್ ಹತ್ತಿರ ಬ್ರೇಕ್ ಹಾಕಿ 12–13 ಕಿ.ಮೀ.ಗೆ ಬಂದಾಗ ಕಾರು ಇನ್ನೂ ಎರಡನೇ ಗೇರಿನಲ್ಲೇ ಇರುತ್ತದೆ. ದಾಟಿದ ಕೂಡಲೇ ಆಕ್ಸಿಲರೇಟರ್ ಒತ್ತಿದರೆ ಎರಡರಲ್ಲೇ ಎಳೆಯಲೋ ಒಂದಕ್ಕೆ ಇಳಿಯಲೋ ಎಂದು ಅರೆಕ್ಷಣ ತಡೆದು, ಒಂದಕ್ಕೆ ಇಳಿದು ಎಗರುತ್ತದೆ. ಬೆಂಗಳೂರಿನ ಬಡಾವಣೆಯ ರಸ್ತೆಗಳಲ್ಲಿ ಇದು ದಿನಕ್ಕೆ ಎಷ್ಟು ಸಲ ಎಂದು ಹೇಳಬೇಕಾಗಿಲ್ಲ. ಹಂಪ್‌ಗೆ ಮೊದಲೇ ಇನ್ನಷ್ಟು ನಿಧಾನಿಸಿ ಗೇರು ಒಂದಕ್ಕೆ ಬರಲು ಬಿಡುವುದು ಒಂದು ದಾರಿ. ದಾಟಿದ ಮೇಲೆ ಕಾಲು ಭಾಗ ಮಾತ್ರ ಒತ್ತಿ ಎರಡನೇ ಗೇರಿನಲ್ಲೇ ಮೇಲೆ ಬರುವುದು ಇನ್ನೊಂದು. ಮೊದಲನೆಯದೇ ಮೇಲು, ಕ್ಲಚ್ ಸವೆತವೂ ಕಡಿಮೆ.

ಟ್ರಾಫಿಕ್‌ನಲ್ಲಿ ಈ ಕಾರಿನ ನಿಜವಾದ ಸುಖ ಕ್ರೀಪ್. ಲಿವರನ್ನು ಡಿಯಲ್ಲಿ (ಡ್ರೈವ್) ಇಟ್ಟು ಬ್ರೇಕ್ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆಯೇ ನಡಿಗೆಯ ವೇಗದಲ್ಲಿ ತೆವಳುತ್ತದೆ. ಹೆಬ್ಬಾಳ, ಸಿಲ್ಕ್ ಬೋರ್ಡ್‌ಗಳಲ್ಲಿ ಎಡಗಾಲಿಗೆ ಸಿಗುವ ಬಿಡುವೊಂದೇ ಈ ಕಾರಿಗೆ ಮ್ಯಾನುಯಲ್‌ಗಿಂತ ಹೆಚ್ಚು ಹಣ ಕೊಡುವುದಕ್ಕೆ ಸಾಕಾದ ಕಾರಣ. ಆದರೆ ಕ್ರೀಪ್ ಎಂದರೆ ಕ್ಲಚ್ ಪ್ಲೇಟ್ ಅರ್ಧ ಹಿಡಿದು ಉಜ್ಜುತ್ತಿರುವುದು ಎಂಬುದು ನೆನಪಿರಲಿ. ಮುಂದಿನ ಕಾರು ಒಂದಡಿ ಸರಿದಾಗಲೆಲ್ಲ ಒಂದಡಿ ಸರಿಯುವ ಬದಲು ಎರಡು ಮೂರು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಒತ್ತಿ ಕಾದು ಒಮ್ಮೆಲೇ ಹೋಗುವುದು ಒಳ್ಳೆಯದು. ಬ್ರೇಕ್ ಒತ್ತಿ ನಿಂತಾಗ ಕ್ಲಚ್ ಪೂರ್ತಿ ಬಿಟ್ಟಿರುತ್ತದೆ, ಉಜ್ಜಾಟವಿಲ್ಲ. ಆಗಲೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಒತ್ತಿಕೊಂಡೇ ಇರುವುದರಿಂದ, ಸಿಗ್ನಲ್ ಅರ್ಧ ನಿಮಿಷಕ್ಕಿಂತ ಹೆಚ್ಚಿದ್ದರೆ ಎನ್‌ಗೆ (ನ್ಯೂಟ್ರಲ್) ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ನಿಂತಾಗ ಎಂಜಿನ್ ತಾನಾಗಿ ಆರುವ ವ್ಯವಸ್ಥೆಯನ್ನು ಇಂಥ ಜಾಮ್‌ನಲ್ಲಿ ಬಟನ್ ಒತ್ತಿ ನಿಲ್ಲಿಸುವುದೇ ವಾಸಿ. ಎಂಜಿನ್ ಮತ್ತೆ ಹತ್ತಿ, ಕ್ಲಚ್ ಹಿಡಿದು, ಕಾರು ಅಲ್ಲಾಡುವಷ್ಟರಲ್ಲಿ ಆಟೋದವರು ಮುಂದೆ ತೂರಿರುತ್ತಾರೆ.

ಏರಿನಲ್ಲಿ ನಿಂತಾಗ ಮಾಡುವ ತಪ್ಪೇ ಕ್ಲಚ್ಚನ್ನು ಬೇಗ ಕೊಲ್ಲುವುದು. ಫ್ಲೈಓವರ್ ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ತುಸು ಒತ್ತಿ ಕಾರನ್ನು ಹಿಂದೆ ಸರಿಯದಂತೆ ನಿಲ್ಲಿಸಿಕೊಳ್ಳುವವರಿದ್ದಾರೆ. ಆ ಹೊತ್ತಿನಲ್ಲಿ ಕಾರಿನ ಇಡೀ ಭಾರ ಉಜ್ಜುತ್ತಿರುವ ಪ್ಲೇಟಿನ ಮೇಲೆ. ಮೊದಲು ಸುಟ್ಟ ವಾಸನೆ, ಆಮೇಲೆ ಬಜರ್ ಕೂಗು. ಬಜರ್ ಬಂದರೆ ಬದಿಗೆ ನಿಲ್ಲಿಸಿ, ಎನ್‌ಗೆ ಹಾಕಿ, ಕ್ಲಚ್ ಆರಲು ಬಿಡಲೇಬೇಕು. ಈಗಿನ ಸೆಲೆರಿಯೊ ಎಜಿಎಸ್‌ನಲ್ಲಿ ಹಿಲ್ ಹೋಲ್ಡ್ ಇದೆ, ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡು ಕಾರನ್ನು ಹಿಡಿದಿಡುತ್ತದೆ. ಅಷ್ಟರೊಳಗೆ ಕಾಲು ಆಕ್ಸಿಲರೇಟರ್ ಮೇಲೆ ಬರಬೇಕು. ಮೊದಲ ತಲೆಮಾರಿನ ಕಾರಿನಲ್ಲಿ ಈ ಸೌಲಭ್ಯವಿಲ್ಲ, ಹ್ಯಾಂಡ್‌ಬ್ರೇಕೇ ಗತಿ. ಅದನ್ನು ಎಳೆದಿಟ್ಟು, ಆಕ್ಸಿಲರೇಟರ್ ಒತ್ತಿ, ಕಾರು ಎಳೆಯುತ್ತಿರುವುದು ತಿಳಿದ ಮೇಲೆ ಬಿಡಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪನ್ನು ರಿವರ್ಸ್‌ನಲ್ಲಿ ಹತ್ತುವುದು ಇದಕ್ಕಿಂತಲೂ ಕಷ್ಟದ ಕೆಲಸ. ಕೆಳಗೇ ಕಾರು ತಿರುಗಿಸಿಕೊಂಡು ಮುಂದಕ್ಕೆ ಹತ್ತುವ ಅವಕಾಶವಿದ್ದರೆ ಅದನ್ನೇ ಮಾಡಿ.

ಘಾಟಿಯಲ್ಲಿ ಡಿ ಮೋಡ್ ಸೋಲುತ್ತದೆ. ಶಿರಾಡಿಯ ಏರಿನಲ್ಲಿ ಜನ ತುಂಬಿ ಎಸಿ ಹಾಕಿದ್ದರೆ, ಕಾಲು ಸಡಿಲಿಸಿದೊಡನೆ ಮೈಲೇಜಿನ ಆಸೆಗೆ ಮೂರನೇ ಗೇರಿಗೆ ಹೋಗುತ್ತದೆ. ಆರ್‌ಪಿಎಂ 2000ದ ಕೆಳಗೆ ಬಿದ್ದು ಉಸಿರು ಕಟ್ಟುತ್ತದೆ. ಒತ್ತಿದರೆ ಎರಡಕ್ಕೆ ಇಳಿಯುತ್ತದೆ, ಸಡಿಲಿಸಿದರೆ ಮತ್ತೆ ಮೂರು. ಪ್ರತಿ ಬದಲಾವಣೆಯಲ್ಲೂ ಎಳೆತ ಸೊನ್ನೆಯಾಗುವುದರಿಂದ, ಏರಿನಲ್ಲಿ ಕಾರು ಗಳಿಸಿದ ವೇಗವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಈ ಎಂಜಿನ್ನಿನ ಪೂರ್ಣ ಟಾರ್ಕ್ ಸಿಗುವುದು 3500 ಆರ್‌ಪಿಎಂನಲ್ಲಿ. ಆದ್ದರಿಂದ ಘಾಟಿ ಶುರುವಾಗುವ ಮೊದಲೇ, ಗೇರನ್ನು ನಾವೇ ಆರಿಸುವ ಎಂ (ಮ್ಯಾನುಯಲ್) ಮೋಡ್‌ಗೆ ತನ್ನಿ, ಎರಡನೇ ಗೇರಿನಲ್ಲಿ 2500–3500ರ ನಡುವೆ ಹಿಡಿದು ಹತ್ತಿ. ಶಬ್ದ ಹೆಚ್ಚಾದರೆ ಹೆದರಬೇಡಿ, ಎಂಜಿನ್‌ಗೆ ಅದೇ ಹಿತ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ, ತಿರುವಿಗೆ ಹೊಗುವ ಮೊದಲೇ ಮೈನಸ್ ಗುರುತಿನ ಕಡೆಗೆ ಲಿವರ್ ತಟ್ಟಿ ಒಂದನೇ ಗೇರಿಗೆ ಬನ್ನಿ. ತಿರುವಿನ ನಡುವೆ ಗೇರು ಬದಲಾಗಲು ಬಿಡಬೇಡಿ, ಎಳೆತ ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ.

ಇಳಿಯುವಾಗಲೂ ಎಂ ಮೋಡೇ ಸರಿ. ಡಿಯಲ್ಲಿ ಕಾಲು ತೆಗೆದರೆ ಮೇಲಿನ ಗೇರಿನಲ್ಲೇ ಉಳಿದು ಎಂಜಿನ್ ತಡೆ ಸಾಲದೆ, ಪೂರಾ ಕೆಲಸ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಲಾರಿ ಚಾಲಕರ ಹಳೆಯ ಪಾಠ ಈ ಪುಟ್ಟ ಕಾರಿಗೂ ಸಲ್ಲುತ್ತದೆ. ಆರ್‌ಪಿಎಂ ಅತಿಯಾಗುವಂತಿದ್ದರೆ ಕೆಳಗಿನ ಗೇರನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಅದು ಕಾಪಾಡುವ ಲಕ್ಷಣ, ಆಗ ಬ್ರೇಕ್ ಒತ್ತಿ ವೇಗ ಇಳಿಸಿ ಮತ್ತೆ ಕೇಳಿ. ಎನ್‌ನಲ್ಲಿ ಇಳಿಯುವುದು ಮಾತ್ರ ಎಂದಿಗೂ ಬೇಡ.

ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವವರಿಗೆ ಒಂದು ಎಚ್ಚರಿಕೆ. ಐದನೇ ಗೇರಿನಲ್ಲಿ 60ರಲ್ಲಿ ಹೋಗುತ್ತ ಪೂರ್ತಿ ತುಳಿದರೆ, ಗೇರು ಇಳಿದು ಎಳೆತ ಬರುವುದಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲಿ ಕಾರು ಹದಿನೇಳು ಮೀಟರ್ ದಾಟಿರುತ್ತದೆ, ವೇಗ ಮಾತ್ರ ಹೆಚ್ಚಿರುವುದಿಲ್ಲ. ಬಸ್ಸಿನ ಹಿಂದೆ ಇರುವಾಗಲೇ ಎಂ ಮೋಡ್‌ನಲ್ಲಿ ಮೂರಕ್ಕೆ ಇಳಿಸಿಕೊಂಡು, ಗೇರು ಹಿಡಿದದ್ದು ಖಚಿತವಾದ ಮೇಲೆ ಹೊರಗೆ ಬನ್ನಿ.

ಪಾರ್ಕಿಂಗ್‌ಗೆ ಪಿ ಎಂಬ ಸ್ಥಾನ ಇದರಲ್ಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಮೂತಿ ಮೇಲಿದ್ದರೆ ಡಿ, ಕೆಳಗಿದ್ದರೆ ಆರ್ (ರಿವರ್ಸ್) ಹಾಕಿ, ಮೀಟರಿನಲ್ಲಿ ಗೇರು ಕಂಡ ಮೇಲೆ ಎಂಜಿನ್ ಆರಿಸಿ. ಗೇರು ಹಾಗೇ ಉಳಿದು ಚಕ್ರ ಹಿಡಿಯುತ್ತದೆ. ಮತ್ತೆ ಸ್ಟಾರ್ಟ್ ಮಾಡುವಾಗ ಬ್ರೇಕ್ ಒತ್ತಿ ಎನ್‌ಗೆ ತರಬೇಕು. ಚಾಲಕನ ಬಾಗಿಲು ತೆರೆದಾಗ ಮುಂದಿನಿಂದ ಒಂದೆರಡು ಸೆಕೆಂಡು ಗುಂಯ್ ಎನ್ನುವುದು ಹೈಡ್ರಾಲಿಕ್ ಪಂಪು ಒತ್ತಡ ತುಂಬಿಕೊಳ್ಳುವ ಸದ್ದು. ಅದು ಸಹಜ. ನಿಂತಲ್ಲೇ ನಿಮಿಷ ನಿಮಿಷಕ್ಕೂ ಪಂಪು ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ ಎಂದರ್ಥ.

ಕೆಡುವುದು ಏನೇನು ಎಂದರೆ, ಮೊದಲು ಅನುಮಾನಿಸಬೇಕಾದ್ದು ಬ್ಯಾಟರಿಯನ್ನು. ಬ್ಯಾಟರಿ ಸೊರಗಿದರೆ ಪಂಪಿಗೆ ಬಲ ಸಾಲದೆ ಗೇರು ಬೀಳುವುದು ತಡವಾಗುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಎಷ್ಟೋ ಕಡೆ ಗೇರ್‌ಬಾಕ್ಸೇ ಹೋಯಿತೆಂದು ಹೆದರಿಸುವ ತೊಂದರೆ ಹೊಸ ಬ್ಯಾಟರಿಯಲ್ಲಿ ಮುಗಿಯುತ್ತದೆ. ಎರಡನೆಯದು ಬ್ರೇಕ್ ಲೈಟ್ ಸ್ವಿಚ್. ಬ್ರೇಕ್ ಒತ್ತಿದ್ದು ಕಂಪ್ಯೂಟರ್‌ಗೆ ತಿಳಿಯುವುದು ಅದರಿಂದಲೇ. ಅದು ಕೆಟ್ಟರೆ ಕಾರು ಸ್ಟಾರ್ಟ್ ಆಗದು, ಗೇರಿಗೂ ಬಾರದು. ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದೆಯೇ ಎಂದು ಯಾರಿಗಾದರೂ ನೋಡಲು ಹೇಳಿದರೆ ಅರ್ಧ ಪತ್ತೆ ಆದಂತೆ. ಆಕ್ಚುಯೇಟರ್‌ನ ಆಯಿಲ್ ಮಟ್ಟವನ್ನು ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ. ಅದಕ್ಕೆ ಕಂಪನಿ ಹೇಳಿದ ಆಯಿಲನ್ನೇ ಹಾಕಬೇಕು, ಬ್ರೇಕ್ ಆಯಿಲ್ ಬಿದ್ದರೆ ಒಳಗಿನ ಸೀಲುಗಳು ಹಾಳು. ಕ್ಲಚ್ ಸೆಟ್ ಬದಲಿಸಿದ ಮೇಲೆ ಸ್ಕ್ಯಾನರ್ ಜೋಡಿಸಿ, ಕ್ಲಚ್ ಹಿಡಿಯುವ ಬಿಂದುವನ್ನು ಕಂಪ್ಯೂಟರ್‌ಗೆ ಹೊಸದಾಗಿ ಕಲಿಸಬೇಕು. ಇದನ್ನು ಬಿಟ್ಟರೆ ಹೊಸ ಪ್ಲೇಟ್ ಹಾಕಿದರೂ ಕಾರು ನಡುಗುತ್ತ ಹೊರಡುತ್ತದೆ. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ.

ಬ್ಯಾಟರಿ ಪೂರ್ತಿ ಸತ್ತು ಕಾರು ಗೇರಿನಲ್ಲೇ ನಿಂತಿದ್ದರೆ ತಳ್ಳಲಾಗದು. ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ವೈರು ಮಾತ್ರ, ಹಾಗಾಗಿ ಲಿವರನ್ನು ಎನ್‌ಗೆ ತಂದರೂ ಒಳಗೆ ಗೇರು ಕಳಚುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡುವ ಮಾತೂ ಇಲ್ಲ. ಜಂಪರ್ ಕೇಬಲ್ ಡಿಕ್ಕಿಯಲ್ಲಿರಲಿ. ಟೋಯಿಂಗ್ ಮಾಡಿಸಬೇಕಾದರೆ ಮುಂದಿನ ಚಕ್ರಗಳನ್ನು ಮೇಲೆತ್ತಿ ಒಯ್ಯುವಂತೆ ಹೇಳಿ.

ಹಳೆಯ ಸೆಲೆರಿಯೊ ಎಜಿಎಸ್ ಕೊಳ್ಳುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಡಿಗೆ ಹಾಕಿ ಬ್ರೇಕ್ ಬಿಟ್ಟೊಡನೆ ಸಮತಟ್ಟು ನೆಲದಲ್ಲಿ ನಡುಕವಿಲ್ಲದೆ ತೆವಳಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಎಂ ಮೋಡ್‌ನ ನಾಲ್ಕನೇ ಗೇರಿನಲ್ಲಿ 40–45ರಿಂದ ಜೋರಾಗಿ ಒತ್ತಿ. ಆರ್‌ಪಿಎಂ ಏರುತ್ತ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಬೆಲೆಯಲ್ಲಿ ಕ್ಲಚ್ ಸೆಟ್ಟಿನ ಖರ್ಚು ಕಳೆಯಿರಿ. ಕಾದ ಮೇಲೆ ಸಣ್ಣ ಏರಿನಲ್ಲಿ ರಿವರ್ಸ್ ಹಾಕಿ ನೋಡಿ, ಸವೆದ ಪ್ಲೇಟ್ ಅಲ್ಲಿ ನಡುಗದೆ ಇರದು. ಮೀಟರಿನಲ್ಲಿ ಗೇರಿನ ಅಂಕಿ ಮಿಣುಕಿದರೆ ಆ ಕಾರು ಬಿಟ್ಟುಬಿಡಿ, ಆಕ್ಚುಯೇಟರ್ ಬದಲಿಸುವ ಖರ್ಚು ಕ್ಲಚ್ಚಿನದಕ್ಕಿಂತ ಹಲವು ಪಟ್ಟು.

ಮೈಲೇಜಿನಲ್ಲಿ ಎಜಿಎಸ್‌ನಿಂದ ನಷ್ಟವಿಲ್ಲ. ವಿಎಕ್ಸ್‌ಐ ಎಂಬ ದರ್ಜೆಯ ಎಜಿಎಸ್‌ಗೆ ಪ್ರಮಾಣಿತ ಅಂಕಿ ಲೀಟರಿಗೆ 26.68 ಕಿ.ಮೀ., ಅದು ಮ್ಯಾನುಯಲ್‌ಗಿಂತ ಹೆಚ್ಚು. ಊರ ಟ್ರಾಫಿಕ್‌ನಲ್ಲಿ ಅಷ್ಟು ಬರುವುದಿಲ್ಲ, ಯಾವ ಕಾರೂ ಕೊಡುವುದಿಲ್ಲ. ದಿನವೂ ಊರೊಳಗೆ ಓಡಾಡುವವರು, ಮೊಣಕಾಲು ನೋವಿರುವವರು, ಮನೆಯಲ್ಲಿ ಎರಡು ಮೂರು ಜನ ಒಂದೇ ಕಾರು ಓಡಿಸುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ವಾರವಾರವೂ ಘಾಟಿ ಹತ್ತಿಳಿಯುವವರಿಗೆ, ತುಂಬಿದ ಕಾರಿನಲ್ಲಿ ಹೆದ್ದಾರಿ ಪ್ರಯಾಣವೇ ಹೆಚ್ಚಿರುವವರಿಗೆ ಇದೇ ಸೆಲೆರಿಯೊದ ಮ್ಯಾನುಯಲ್ ವಾಸಿ. ತೂಗಾಟ ಒಂದಿಷ್ಟೂ ಬೇಡ ಎನ್ನುವವರು ಬಜೆಟ್ ಏರಿಸಿ ಹೋಂಡಾ ಅಮೇಜ್ ಸಿವಿಟಿಯಂಥದನ್ನು ನೋಡಬೇಕು. ಓಡಾಟ ಊರೊಳಗೇ ಇದ್ದು ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗವಿದ್ದರೆ, ಗೇರೇ ಬದಲಾಗದ ಟಿಯಾಗೊ ಇವಿಯಂಥದನ್ನೂ ಒಮ್ಮೆ ಓಡಿಸಿ ನೋಡಬಹುದು.